ಡ್ರೈವರ್ ಪಕ್ಕದ ಖಾಲಿ ಜಾಗ

ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿರುವ ಸೇಂಟ್ ಜಾರ್ಜಸ್ ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಕಾರಿನ ಒಂದು ಸೀಟು ಎಷ್ಟು ಕಾಡಬಲ್ಲದೆಂದು ತಿಳಿಯುತ್ತದೆ. 1733ರಲ್ಲಿ ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ಹುಟ್ಟಿ, ಕಳೆದ ಶತಮಾನದಲ್ಲಿ ಟೂಟಿಂಗ್‌ಗೆ ಬಂದು ನೆಲೆಸಿದ ಈ ಆಸ್ಪತ್ರೆ, ಇಂದು ಲಂಡನ್ನಿನ ನಾಲ್ಕು ಪ್ರಮುಖ ಅಪಘಾತ ಚಿಕಿತ್ಸಾ ಕೇಂದ್ರಗಳಲ್ಲೊಂದು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಮಂಡಿ ಮಡಿಸುವಂತಿಲ್ಲ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೂ ನೀಡಿದ ಕಾಲು ಡ್ಯಾಶ್‌ಬೋರ್ಡಿಗೆ ತಗಲುತ್ತದೆ. ರೈಲಿನಲ್ಲಿ ಹೋಗೋಣವೆಂದರೆ 1926ರಲ್ಲಿ ತೆರೆದ ಟೂಟಿಂಗ್ ಬ್ರಾಡ್‌ವೇ ನಿಲ್ದಾಣದಲ್ಲಿ ಮೆಟ್ಟಿಲೋ ಎಸ್ಕಲೇಟರೋ ತಪ್ಪಿದ್ದಲ್ಲ.

ಕಾರಿನ ಆ ಮುಂದಿನ ಸೀಟೇ ಇಲ್ಲದಿದ್ದರೆ? ಹಿಂದೆ ಕೂತವರು ಆರಾಮಾಗಿ ಕಾಲು ಚಾಚಬಹುದು. ಬೇಕೆಂದಾಗ ತೆಗೆದು, ಬೇಕೆಂದಾಗ ಕೂರಿಸುವಂತಿದ್ದರೆ ಇನ್ನೂ ಒಳ್ಳೆಯದು.

ಈ ಯೋಚನೆ ಹೊಸದಲ್ಲ. ಲಂಡನ್ನಿನ ಕಪ್ಪು ಟ್ಯಾಕ್ಸಿಯಲ್ಲಿ ಡ್ರೈವರ್ ಪಕ್ಕ ಸೀಟು ಇಡುವ ರೂಢಿಯೇ ಇರಲಿಲ್ಲ. 1948ರ ಆಸ್ಟಿನ್ ಎಫ್‌ಎಕ್ಸ್ 3ರಲ್ಲಿ ಆ ಜಾಗಕ್ಕೆ ಬಾಗಿಲೂ ಇರಲಿಲ್ಲ, ಪೆಟ್ಟಿಗೆ-ಹಾಸಿಗೆ ಇಡುವ ಕಟ್ಟೆಯಷ್ಟೇ. 1958ರ ಎಫ್‌ಎಕ್ಸ್ 4ಕ್ಕೆ ಬಾಗಿಲು ಬಂತು, ಸೀಟು ಬರಲಿಲ್ಲ. ಅದೇ 1948ರಲ್ಲಿ ಪ್ಯಾರಿಸ್ಸಿನ ಮೋಟಾರು ಮೇಳದಲ್ಲಿ ಕಾಣಿಸಿಕೊಂಡ ಸಿಟ್ರೊಯೆನ್ 2ಸಿವಿಯ ಸೀಟುಗಳೋ, ಕೈಯಲ್ಲಿ ಎತ್ತಿ ತಂದು ಹುಲ್ಲಿನ ಮೇಲಿಟ್ಟು ಊಟಕ್ಕೆ ಕೂರುವಷ್ಟು ಹಗುರ.

ಹಾಗಾದರೆ ಇಂದಿನ ಕಾರಿನಲ್ಲಿ ಇದೇಕೆ ಕಷ್ಟ? ಸೀಟಿನ ಕಾಲಬುಡ ನೋಡಿದರೆ ಸಾಮಾನ್ಯವಾಗಿ ಕಾಣುವುದು ನಾಲ್ಕೇ ಬೋಲ್ಟು: ಮುಂದೆರಡು, ಹಿಂದೆರಡು. ಪಾನಾ ಹಿಡಿದು ಗೊತ್ತಿದ್ದವರಿಗೆ ಅದೇನು ಮಹಾ ಕೆಲಸವೆನ್ನಿಸುತ್ತದೆ. ಬೋಲ್ಟು ತೆಗೆದು, ಕೈಯಲ್ಲೇ ಎಳೆಯುವ ಪಿನ್ನು ಹಾಕಿಬಿಡೋಣ ಎಂಬ ಆಸೆಯೂ ಹುಟ್ಟುತ್ತದೆ. ಅಪಾಯ ಇರುವುದು ಇಲ್ಲೇ. ಬಹಳಷ್ಟು ಕಾರುಗಳಲ್ಲಿ ಬೆಲ್ಟಿನ ಬಕಲ್ ಸೀಟಿನ ಚೌಕಟ್ಟಿಗೇ ಸೇರಿಕೊಂಡಿರುತ್ತದೆ. ಯುರೋಪಿನ ನಿಯಮದಂತೆ ಸೀಟಿನ ಹಿಡಿತ ಗುರುತ್ವದ 20 ಪಟ್ಟು ಎಳೆತವನ್ನು ತಡೆಯಬೇಕು. ಲೆಕ್ಕ ಹಾಕಿ: 20 ಕೆ.ಜಿ. ತೂಗುವ ಸೀಟು ಡಿಕ್ಕಿಯ ಗಳಿಗೆಯಲ್ಲಿ 400 ಕೆ.ಜಿ.ಯಂತೆ ಜಗ್ಗುತ್ತದೆ. ಬಕಲ್ ಹಾಕಿ ಕೂತವರ ಭಾರ ಬೇರೆ. ಅಂಗಡಿಯಲ್ಲಿ ಸಿಕ್ಕ ಪಿನ್ನನ್ನು ನಂಬಿ ಯಾರನ್ನೂ ಅಲ್ಲಿ ಕೂರಿಸಬಾರದು.

ಇನ್ನೊಂದು, ಸೀಟಿನಡಿಯ ಹಳದಿ ಪ್ಲಗ್ಗು. ಸೀಟಿನ ಬೆನ್ನಿನ ಮಗ್ಗುಲಲ್ಲಿ ಮಡಿಸಿಟ್ಟ ಏರ್‌ಬ್ಯಾಗಿಗೆ ಹೋಗುವ ತಂತಿ ಅದರಲ್ಲಿರುತ್ತದೆ. ಮೆತ್ತೆಯೊಳಗೆ, ಯಾರಾದರೂ ಕೂತಿದ್ದಾರೆಯೇ ಎಂದು ಅರಿಯುವ ಸೆನ್ಸರ್ ಇರುವುದೂ ಉಂಟು. ಆ ಪ್ಲಗ್ ಕಿತ್ತರೆ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಅದು ಉರಿಯುತ್ತಿದ್ದರೆ ಬ್ರಿಟನ್ನಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಕಾರು ಫೇಲು. ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬಿಡುವುದಿಲ್ಲ.

ಇದನ್ನೆಲ್ಲ ಸರಿಯಾಗಿ ಮಾಡಿ ತೋರಿಸಿದವರು ಬ್ರಿಟನ್ನಿನಲ್ಲಿದ್ದಾರೆ. ಕಾರಿನ ನೆಲ ತಗ್ಗಿಸಿ, ಹಿಂಬಾಗಿಲಿಗೆ ಇಳಿಜಾರು ಹಲಗೆ ಜೋಡಿಸಿ, ಮುಂದಿನ ಸೀಟು ಹೊರಬರುವಂತೆ ಮಾಡಿ, ವೀಲ್‌ಚೇರನ್ನು ಡ್ರೈವರ್ ಪಕ್ಕಕ್ಕೇ ತಂದು ಬಿಗಿಯುವ ಕಾರುಗಳಿವೆ. 1977ರಲ್ಲಿ ಸ್ಥಾಪನೆಯಾದ ಮೊಟಬಿಲಿಟಿ ಎಂಬ ಸಂಸ್ಥೆಯ ಮೂಲಕ, ಅಂಗವಿಕಲರು ತಮ್ಮ ಓಡಾಟದ ಭತ್ಯೆಯನ್ನೇ ಕಟ್ಟಿ ಇಂಥ ಕಾರನ್ನು ಗುತ್ತಿಗೆಗೆ ಪಡೆಯಬಹುದು. ನನಗೆ ಇದರಲ್ಲಿ ಅನುಕೂಲಕ್ಕಿಂತ ದೊಡ್ಡದಾಗಿ ಕಾಣುವುದು ಮರ್ಯಾದೆ. ಸಾಮಾನ್ಯವಾಗಿ ವೀಲ್‌ಚೇರಿನವರಿಗೆ ಸಿಗುವುದು ಕಾರಿನ ತೀರಾ ಹಿಂದಿನ, ಲಗೇಜಿನ ಜಾಗ. ಅಲ್ಲಿಂದ ತಾಯಿ ಏನೋ ಅಂದರೆ ಮಗನಿಗೆ ಕೇಳಿಸದು. ಮುಂದೆ ಕೂತರೆ ರಸ್ತೆ ಕಾಣುತ್ತದೆ, ಅಂಗಡಿ ಕಾಣುತ್ತದೆ, ಮಾತು ಸಾಗುತ್ತದೆ.

ನಮ್ಮೂರಲ್ಲೂ ಒಂದು ಹೆಜ್ಜೆ ಬಿದ್ದಿದೆ. 2025ರ ಕೊನೆಯಲ್ಲಿ ಮಾರುತಿ ಸುಜುಕಿ, ಬೆಂಗಳೂರಿನ ಟ್ರೂಅಸಿಸ್ಟ್ ಸಂಸ್ಥೆಯ ಜತೆಗೂಡಿ, ವ್ಯಾಗನ್‌ಆರ್‌ಗೆ ಬಾಗಿಲ ಕಡೆ ತಿರುಗುವ ಮುಂದಿನ ಸೀಟನ್ನು ತಂದಿತು. ಮಂಡಿನೋವಿನ ಹಿರಿಯರು ಹೊರಗಿನಿಂದಲೇ ಅದರ ಮೇಲೆ ಕೂತು, ಸೀಟಿನೊಂದಿಗೇ ಒಳಕ್ಕೆ ತಿರುಗಬಹುದು. ಸುರಕ್ಷತೆಯ ಪರೀಕ್ಷೆ ವಾಹನ ಸಂಶೋಧನಾ ಸಂಸ್ಥೆಯಾದ ಎಆರ್‌ಎಐನಲ್ಲಿ ಆಗಿದೆ. ತಿರುಗುವ ಸೀಟು ಮಾಡಿದವರಿಗೆ ಕಳಚುವ ಸೀಟು ಅಸಾಧ್ಯವೇನಲ್ಲ. ಬಕಲ್ಲನ್ನು ನೆಲಕ್ಕೇ ಕೂರಿಸಿ, ಸೀಟು ತೆಗೆದದ್ದು ಕಾರಿನ ಕಂಪ್ಯೂಟರಿಗೆ ತಿಳಿಯುವಂತೆ ಮಾಡಿ, ಹಿಡಿತವನ್ನು ಪರೀಕ್ಷೆಗೊಡ್ಡಿ, ಕಂಪನಿಗಳೇ ಇದನ್ನು ಕೊಡಬೇಕು.

ಅಲ್ಲಿಯವರೆಗೆ, ಮನೆಯವರನ್ನು ಆಸ್ಪತ್ರೆಯಿಂದ ಕರೆತರುವ ಅವಸರದಲ್ಲಿ ಸೀಟಿನ ಬೋಲ್ಟಿಗೆ ಪಾನಾ ಹಾಕುವ ಮುನ್ನ ಬಗ್ಗಿ ಒಮ್ಮೆ ನೋಡಿ. ಅಡಿಯಲ್ಲಿ ಹಳದಿ ಪ್ಲಗ್ ಕಂಡರೆ ಕೈ ಹಿಂತೆಗೆಯಿರಿ, ಕಂಪನಿಯ ಸರ್ವಿಸ್ ಸೆಂಟರಿನವರನ್ನು ಕೇಳಿ.