ಒರತೆಯ ಬಳಿಗೆ ಹೋಗತಕ್ಕ ಹೊತ್ತು

ಕಾರ್ತಿಕಮಾಸವು ಸಮೀಪಿಸಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಯಾತ್ರೆಯ ಮಾತು ತಾನಾಗಿಯೇ ಹುಟ್ಟುತ್ತದೆ. ನಮ್ಮ ವಾಸವು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ. ಕಳೆದ ವರ್ಷ ನಮ್ಮ ಮನೆಯಲ್ಲಿ ಆ ಮಾತು ಹುಟ್ಟಿದ್ದು ಬಿಸಿನೀರಿನಿಂದ. ಬದರೀಯಾತ್ರೆಯನ್ನು ಮುಗಿಸಿಕೊಂಡು ಬಂದಿದ್ದ ನೆರೆಮನೆಯವರು ನಮ್ಮ ಜಗಲಿಯಲ್ಲಿ ಕುಳಿತು ಅಲ್ಲಿಯ ತಪ್ತಕುಂಡದ ಮಹಿಮೆಯನ್ನು ವರ್ಣಿಸಿದರು. ಹಿಮಗಿರಿಗಳ ನಡುವೆ ಹಬೆಯಾಡುವ ನೀರು, ಅದರಲ್ಲಿ ಮಿಂದು ಸ್ವಾಮಿಯ ದರ್ಶನಕ್ಕೆ ಹೋಗುವ ಪದ್ಧತಿ, ಮಿಂದೊಡನೆ ಮೈ ಹಗುರವಾದ ಅನುಭವ, ಇವನ್ನೆಲ್ಲ ಕೇಳಿ, ಬಹುಕಾಲದಿಂದ ಮಂಡಿನೋವಿನಿಂದ ನರಳುತ್ತಿರುವ ನಮ್ಮ ಮನೆಯವರ ಮನಸ್ಸು ಅತ್ತ ಹರಿಯಿತು. “ಅಷ್ಟು ದೂರ ಹೋಗಲಾರೆವು. ಇಲ್ಲೆಲ್ಲೂ ಅಂತಹ ಬುಗ್ಗೆಯಿಲ್ಲವೆ?” ಎಂದು ಅವರು ನಮ್ಮನ್ನು ಕೇಳಿದರು.

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದರೂ ಪ್ರಶ್ನೆ ಕೇಳಿದವರಿಗೆ ಪಾಠ ಹೇಳುವ ಅಭ್ಯಾಸವು ನಮ್ಮನ್ನು ಬಿಟ್ಟಿಲ್ಲ. ಮಳೆಯ ನೀರು ಬಂಡೆಗಳ ಸೀಳುಗಳಲ್ಲಿ ಇಳಿಯುತ್ತ ಹೋಗುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರು ಇಳಿದರೆ ಸಾಮಾನ್ಯವಾಗಿ ೨೫ರಿಂದ ೩೦ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣವು ಹೆಚ್ಚುತ್ತದೆ. ಹೀಗೆ ಬಹಳ ಆಳಕ್ಕಿಳಿದು ಕಾದ ನೀರಿಗೆ ಬೇಗನೆ ಮೇಲೇರುವ ದಾರಿಯೊಂದು ದೊರೆತರೆ ಅದು ಆರುವುದಕ್ಕೆ ಮೊದಲೇ ಹೊರಬೀಳುತ್ತದೆ. ಇದಕ್ಕೆ ಜ್ವಾಲಾಮುಖಿಯೇ ಇರಬೇಕೆಂಬ ನಿಯಮವಿಲ್ಲ. ನಮ್ಮ ದೇಶದಲ್ಲಿ ಇಂತಹ ಬಿಸಿಬುಗ್ಗೆಗಳು ಮುನ್ನೂರಕ್ಕೂ ಮಿಗಿಲಾಗಿವೆ. ಹಿಮಾಚಲದ ಮಣಿಕರ್ಣದಲ್ಲಿ ಪಾತ್ರೆಯನ್ನು ಕುದಿನೀರಿನಲ್ಲಿಟ್ಟು ಅಕ್ಕಿಬೇಳೆಗಳನ್ನು ಬೇಯಿಸುತ್ತಾರೆ. ನಮ್ಮ ಕರ್ನಾಟಕದಲ್ಲಿ ಈ ವಿಷಯಕ್ಕೆ ಹೆಸರಾದದ್ದು ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥ. ತುಳುವಿನಲ್ಲಿ ಬಿಸಿನೀರಿಗಿರುವ ಮಾತಿನಿಂದಲೇ ಅದಕ್ಕೆ ಈ ಹೆಸರು. ಅಷ್ಟು ಆಳಕ್ಕಿಳಿಯದೆ ಹತ್ತಿರದಲ್ಲಿಯೇ ಸುತ್ತಿ ಬರುವ ನೀರಾದರೋ ತಣ್ಣನೆಯ ಒರತೆಯಾಗುತ್ತದೆ.

ಇಷ್ಟನ್ನೂ ಒಳಗಿನಿಂದ ಕೇಳುತ್ತಿದ್ದ ನಮ್ಮ ಅಕ್ಕನವರು ಬಾಗಿಲಿಗೆ ಬಂದು, “ಬಿಸಿನೀರು ಬೇಕಾದರೆ ಬಚ್ಚಲಿನ ಹಂಡೆಯಲ್ಲೇ ಉಂಟಲ್ಲಪ್ಪ. ನನಗೆ ಅಮ್ಮ ಕರೆದುಕೊಂಡು ಹೋಗಿದ್ದ ಅಂತರಗಂಗೆಯನ್ನು ಇನ್ನೊಂದು ಸಲ ತೋರಿಸು, ಸಾಕು” ಎಂದರು. ಅವರಿಗೆ ಎಪ್ಪತ್ತನಾಲ್ಕು ವರ್ಷ. ಅವರು ಏನನ್ನೂ ಬೇಡುವವರಲ್ಲ. ಆದಕಾರಣ ಬದರಿಯ ಮಾತು ಅಲ್ಲಿಗೇ ನಿಂತಿತು.

ಅಂತರಗಂಗೆಯು ಕೋಲಾರ ಪಟ್ಟಣಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ, ಶತಶೃಂಗವೆಂಬ ಬೆಟ್ಟದ ಸಾಲಿನಲ್ಲಿದೆ. ಪಾಂಡುರಾಜನು ಕುಂತೀಮಾದ್ರಿಯರೊಡನೆ ವಾಸಿಸಿದ ಶತಶೃಂಗವು ಭಾರತದಲ್ಲಿ ಹಿಮಾಲಯದ ಕಡೆಗೆ ಹೇಳಲ್ಪಟ್ಟಿದೆ. ಆ ಹೆಸರನ್ನೇ ನಮ್ಮವರು ಈ ಬೆಟ್ಟಕ್ಕೂ ಇಟ್ಟು ಪೂಜಿಸಿದ್ದಾರೆ. ದೊಡ್ಡ ದೊಡ್ಡ ಗುಂಡುಗಳು ಒಂದರ ಮೇಲೊಂದು ಕುಳಿತಿರುವ ಈ ಬೆಟ್ಟದಲ್ಲಿ ಕಲ್ಲಿನ ಮೆಟ್ಟಿಲುಗಳನ್ನೇರಿ ಹೋದರೆ ಕಾಶೀವಿಶ್ವೇಶ್ವರನ ಗುಡಿಯೂ, ಅದರ ಬಳಿ ಕಲ್ಲಿನ ಬಸವನ ಬಾಯಿಂದ ಧಾರೆಯಾಗಿ ಕೊಳಕ್ಕೆ ಬೀಳುವ ನೀರೂ ಕಾಣುತ್ತವೆ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಬಾವಿಗಳನ್ನೇ ನಂಬಿದ ಕೋಲಾರದ ಸೀಮೆಯಲ್ಲಿ ಬಂಡೆಯೊಳಗಿಂದ ನೀರು ಬರುವುದನ್ನು ಕಂಡ ಜನರು ಅದನ್ನು ಗಂಗೆಯೆಂದು ಕರೆದರೆ ಆಶ್ಚರ್ಯವೇನು? ಈಗ ಭಕ್ತರಲ್ಲದೆ ಬೆಟ್ಟ ಹತ್ತುವ ಉತ್ಸಾಹಿಗಳೂ ಬೆಂಗಳೂರಿನಿಂದ ಸುಮಾರು ೭೦ ಕಿಲೋಮೀಟರುಗಳನ್ನು ದಾಟಿ ಶನಿವಾರ ಭಾನುವಾರಗಳಲ್ಲಿ ಬರುತ್ತಾರೆ. ಶಿವರಾತ್ರಿ, ಕಾರ್ತಿಕ ಸೋಮವಾರಗಳಲ್ಲಂತೂ ಜನಜಂಗುಳಿ.

ನಾವು ಮಾಡಿದ ತಪ್ಪು ಇಲ್ಲಿಯೇ. “ಅಮ್ಮ ಕರೆದುಕೊಂಡು ಹೋದದ್ದು ಕಡೆಯ ಕಾರ್ತಿಕ ಸೋಮವಾರ” ಎಂದು ಅಕ್ಕನವರು ಹೇಳಿದ್ದನ್ನು ಹಿಡಿದು, ಆ ದಿನವೇ, ಅದೂ ಹತ್ತು ಗಂಟೆಯ ಬಿಸಿಲೇರಿದ ಮೇಲೆ, ಅವರನ್ನು ಕರೆದುಕೊಂಡು ಹೋದೆವು. ಮೆಟ್ಟಿಲುಗಳ ಬುಡದಲ್ಲಿಯೇ ಜನ ಕಿಕ್ಕಿರಿದಿತ್ತು. ಮೇಲಕ್ಕೆ ಹೋಗುವವರೂ ಕೆಳಕ್ಕೆ ಬರುವವರೂ ಒಂದೇ ದಾರಿಯಲ್ಲಿ ಸೇರಿ ನಡುವೆ ಎಲ್ಲರೂ ನಿಂತುಬಿಟ್ಟರು. ಹಿಂದಿನವರಿಗೆ ಮುಂದಿನ ಸ್ಥಿತಿ ಕಾಣದು. ಅವರು ತಳ್ಳುತ್ತಲೇ ಇದ್ದರು. ಅಕ್ಕನವರ ಕೈ ನಮ್ಮ ಕೈಯಿಂದ ಜಾರಿತು. ಐದಾರು ಜನರ ಆಚೆಗೆ ಅವರ ಬೆಳ್ಳನೆಯ ತಲೆ ಮಾತ್ರ ಒಮ್ಮೆ ಕಂಡು ಮರೆಯಾಯಿತು. ಕೂಗಿದೆವು, ನಮ್ಮ ಕೂಗು ಆ ಗದ್ದಲದಲ್ಲಿ ನಮಗೇ ಕೇಳಿಸಲಿಲ್ಲ. ಯಾರೋ ಒಬ್ಬ ತರುಣನು ಅವರನ್ನು ಎತ್ತಿ ಪಕ್ಕದ ಬಂಡೆಯ ಮೇಲೆ ಕೂರಿಸಿದನು. ನಾವು ಅಲ್ಲಿಗೆ ತಲಪಿದಾಗ ಅವರ ತುಟಿ ಕಪ್ಪಿಟ್ಟಿತ್ತು, ಮಾತು ಹೊರಡಲಿಲ್ಲ. ಆ ತರುಣನ ಹೆಸರನ್ನು ಕೇಳುವ ಎಚ್ಚರವೂ ನಮಗಿರಲಿಲ್ಲ. ಗಳಿಗೆ ಹೊತ್ತು ಕಳೆದ ಮೇಲೆ ಅರ್ಧ ದಾರಿಯಿಂದಲೇ ಇಳಿದು ಹಿಂದಿರುಗಿದೆವು. ಅವರು ಹಿಡಿದು ತಂದಿದ್ದ ತಾಮ್ರದ ಚೆಂಬು ಬರಿದಾಗಿಯೇ ಇತ್ತು. “ಮೆಟ್ಟಿಲನ್ನಾದರೂ ಮುಟ್ಟಿದೆನಲ್ಲಪ್ಪ” ಎಂದು ಅವರು ನಮ್ಮನ್ನೇ ಸಮಾಧಾನಪಡಿಸಿದರು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಹಾಕುತ್ತಿದ್ದಂತಹ ಒಂದು ಲೆಕ್ಕವನ್ನು ನಮಗೆ ನಾವೇ ಹಾಕಿಕೊಂಡೆವು. ಬಸವನ ಬಾಯಿಂದ ಬೀಳುವುದು ಒಂದೇ ಧಾರೆ. ಒಬ್ಬೊಬ್ಬರು ಅಲ್ಲಿ ಅರ್ಧ ನಿಮಿಷ ನಿಂತರೆ ಗಂಟೆಗೆ ೧೨೦ ಜನ. ಹತ್ತು ಗಂಟೆಗೆ ೧,೨೦೦ ಜನ. ಹತ್ತು ಸಾವಿರ ಜನ ಒಂದೇ ದಿನ ಬಂದರೆ ಎಂಟು ಸಾವಿರಕ್ಕೂ ಹೆಚ್ಚು ಜನ ನೀರನ್ನು ಮುಟ್ಟದೆ ಹಿಂದಿರುಗಬೇಕು, ಇಲ್ಲವೆ ಒಬ್ಬರನ್ನೊಬ್ಬರು ನೂಕಬೇಕು. ಅದೇ ಹತ್ತು ಸಾವಿರ ಜನ ಒಂಬತ್ತು ದಿನಗಳಲ್ಲಿ ಹಂಚಿಕೊಂಡು ಬಂದರೆ ಎಲ್ಲರಿಗೂ ಅರ್ಧ ನಿಮಿಷ ದೊರೆಯುತ್ತದೆ. ಒರತೆಯು ತನ್ನ ವೇಗದಲ್ಲಿಯೇ ಕೊಡುತ್ತದೆ. ನಮ್ಮ ಅವಸರಕ್ಕಾಗಿ ಅದು ಹೆಚ್ಚಾಗಿ ಸುರಿಯುವುದಿಲ್ಲ.

ಈ ಲೆಕ್ಕವನ್ನು ಮರೆತುದರ ಫಲವನ್ನು ದೇಶವು ಹಲವು ಸಲ ಅನುಭವಿಸಿದೆ. ೨೦೧೫ನೆಯ ಜುಲೈ ೧೪ರಂದು ರಾಜಮಹೇಂದ್ರಿಯಲ್ಲಿ ಗೋದಾವರಿಯ ಪುಷ್ಕರವು ಆರಂಭವಾಯಿತು. ಪುಷ್ಕರವು ಹನ್ನೆರಡು ದಿನಗಳ ಪರ್ವ. ನದಿಯು ಹನ್ನೆರಡು ದಿನವೂ ಅಲ್ಲಿಯೇ ಹರಿಯುವುದು. ಆದರೆ ಮೊದಲ ಬೆಳಗಿನಲ್ಲಿಯೇ ಮೀಯಬೇಕೆಂದು ಜನರು ಒಂದು ಘಟ್ಟಕ್ಕೆ ನುಗ್ಗಿದುದರಿಂದ ೨೭ ಜನರು ಪ್ರಾಣ ಬಿಟ್ಟರು. ೨೦೨೫ನೆಯ ಜನವರಿ ೨೯ರ ಮೌನೀ ಅಮಾವಾಸ್ಯೆಯಂದು ಪ್ರಯಾಗದ ಕುಂಭಮೇಳದಲ್ಲಿ ಸರ್ಕಾರದ ಲೆಕ್ಕದಂತೆ ೩೦ ಜನರು ಮಡಿದರು. ಇಂತಹ ನೂಕುನುಗ್ಗಲಿನಲ್ಲಿ ಸಾಯುವವರು ಬಹುಮಟ್ಟಿಗೆ ಕಾಲ್ತುಳಿತದಿಂದ ಸಾಯುವುದಿಲ್ಲ. ನಾಲ್ಕು ಕಡೆಯಿಂದಲೂ ಎದೆ ಒತ್ತಲ್ಪಟ್ಟು, ಉಸಿರಾಟಕ್ಕೆ ಎಡೆಯಿಲ್ಲದೆ, ಎಷ್ಟೋ ಜನ ನಿಂತಲ್ಲಿಯೇ ಸಾಯುತ್ತಾರೆ. ಒಂದು ಚದರ ಮೀಟರಿನಲ್ಲಿ ಐದಾರು ಜನರಿಗಿಂತ ಹೆಚ್ಚು ಸೇರಿದರೆ ಯಾರ ನಡಿಗೆಯೂ ಅವರವರ ವಶದಲ್ಲಿರದೆಂದು ಈ ವಿಷಯವನ್ನು ಅಭ್ಯಸಿಸಿದವರು ಹೇಳುತ್ತಾರೆ. ಅಕ್ಕನವರ ತುಟಿ ಏಕೆ ಕಪ್ಪಿಟ್ಟಿತೆಂಬುದು ನಮಗೆ ಆಗ ತಿಳಿಯಿತು.

ಆದರೆ ಪರ್ವಕಾಲದ ಪುಣ್ಯವು ತಪ್ಪಿಹೋಗುವುದಿಲ್ಲವೆ? ಅಕ್ಕನವರು ಕೇಳಿದ ಪ್ರಶ್ನೆಯೂ ಇದೇ. ನಾವು ಚಿಕ್ಕಂದಿನಿಂದ ಓದಿದ ಶಾಸ್ತ್ರವು ಇಂತಹ ಹೊತ್ತಿನಲ್ಲಿ ಉಪಯೋಗಕ್ಕೆ ಬಾರದಿದ್ದರೆ ಮತ್ತೆ ಯಾವಾಗ ಬರಬೇಕು? ಸ್ಮೃತಿಕಾರರು ಸ್ನಾನವನ್ನು ಏಳು ಬಗೆಯಾಗಿ ಹೇಳಿದ್ದಾರೆ. ನೀರಿನಲ್ಲಿ ಮೀಯುವ ವಾರುಣವು ಅವುಗಳಲ್ಲಿ ಒಂದು ಮಾತ್ರ. ಮಂತ್ರದಿಂದ ಪ್ರೋಕ್ಷಿಸಿಕೊಳ್ಳುವುದು ಮಾಂತ್ರ; ಮೃತ್ತಿಕೆಯನ್ನು ಲೇಪಿಸಿಕೊಳ್ಳುವುದು ಭೌಮ; ಭಸ್ಮವನ್ನು ಧರಿಸುವುದು ಆಗ್ನೇಯ; ಗೋವುಗಳ ಗೊರಸಿನಿಂದೇಳುವ ಧೂಳು ಮೈಗೆ ಸೋಕುವುದು ವಾಯವ್ಯ; ಬಿಸಿಲಿರುವಾಗಲೇ ಬೀಳುವ ಮಳೆಯಲ್ಲಿ ನೆನೆಯುವುದು ದಿವ್ಯ; ಭಗವಂತನನ್ನು ನೆನೆಯುವುದು ಮಾನಸ. ಅಶಕ್ತರಾದವರು ತಮ್ಮ ಶಕ್ತಿಗೆ ತಕ್ಕುದನ್ನು ಆರಿಸಿಕೊಳ್ಳಲಿ ಎಂಬ ದಯೆಯೇ ಈ ವಿಭಾಗದಲ್ಲಿ ತೋರುತ್ತದೆ. ತೀರ್ಥವೆಂಬ ಶಬ್ದವಾದರೂ ದಾಟುವುದೆಂಬ ಅರ್ಥವುಳ್ಳ ‘ತೄ’ ಧಾತುವಿನಿಂದ ಹುಟ್ಟಿದೆ, ದಾಟಿಸತಕ್ಕದ್ದು ತೀರ್ಥ. ಮುದುಕಿಯೊಬ್ಬಳನ್ನು ಪಕ್ಕಕ್ಕೆ ನೂಕಿ ನೀರಿಗಿಳಿದವನನ್ನು ಅದು ಎಲ್ಲಿಗೆ ದಾಟಿಸೀತು? ಸತ್ಯವನ್ನೂ ಕ್ಷಮೆಯನ್ನೂ ತೀರ್ಥಗಳೆಂದೇ ಎಣಿಸಿದ ಪುರಾಣಗಳಿಗೆ ಈ ಉತ್ತರವು ಗೊತ್ತಿತ್ತು. ಅಕ್ಕನವರು ಎಲ್ಲವನ್ನೂ ಕೇಳಿ, “ಹಾಗಾದರೆ ಬೇರೆ ದಿನವೇ ಹೋಗೋಣ. ಅಮ್ಮನೂ ಬೇಡವೆನ್ನುತ್ತಿರಲಿಲ್ಲ” ಎಂದರು.

ಮಾರ್ಗಶಿರಮಾಸದಲ್ಲಿ, ಹಬ್ಬವೂ ರಜೆಯೂ ಇಲ್ಲದ ಒಂದು ಬುಧವಾರ, ನಸುಕಿನಲ್ಲಿಯೇ ಹೊರಟು ಸೂರ್ಯೋದಯದ ವೇಳೆಗೆ ಬೆಟ್ಟದ ಬುಡವನ್ನು ಸೇರಿದೆವು. ಮೆಟ್ಟಿಲುಗಳು ಅವೇ, ಅಕ್ಕನವರ ಕಾಲುಗಳೂ ಅವೇ. ಹತ್ತು ಮೆಟ್ಟಿಲಿಗೊಮ್ಮೆ ಕುಳಿತು, ಮಂಜಿನಲ್ಲಿ ಮುಸುಕಿದ ಕೋಲಾರ ಪಟ್ಟಣವನ್ನು ನೋಡುತ್ತ, ನಿಧಾನವಾಗಿ ಏರಿದರು. ನಮ್ಮ ಮನೆಯವರ ಮಂಡಿಗೂ ಆ ನಿಧಾನವೇ ಹಿತವಾಯಿತು. ಹಿಂದಿನಿಂದ ತಳ್ಳುವವರಿಲ್ಲದುದರಿಂದ ಯಾರಿಗೂ ನಾಚಿಕೆಯಿರಲಿಲ್ಲ. ಮೇಲೆ ಕೋತಿಗಳನ್ನೂ ಮೂರು ನಾಲ್ಕು ಜನರನ್ನೂ ಬಿಟ್ಟರೆ ಯಾರೂ ಇರಲಿಲ್ಲ. ನೀರು ಬೀಳುವ ಸದ್ದು ದೂರದಿಂದಲೇ ಕೇಳಿಸಿತು. ಕಾರ್ತಿಕದಲ್ಲಿ ಬಂದವರಿಗೆ ಈ ಸದ್ದು ಕೇಳಿಸಿರಲಾರದು.

ಅಕ್ಕನವರು ಧಾರೆಯ ಕೆಳಗೆ ಕೈಯೊಡ್ಡಿ, “ಅಯ್ಯೋ, ಬೆಚ್ಚಗಿದೆಯಲ್ಲೋ!” ಎಂದು ನಮ್ಮ ಕಡೆಗೆ ತಿರುಗಿದರು. ನಮ್ಮ ಮನೆಯವರೂ ಮುಟ್ಟಿ ನೋಡಿ ಬೆರಗಾದರು. ಇದರ ಕಾರಣವು ಚಳಿಗಾಲದಲ್ಲಿ ಬಾವಿ ಸೇದುವ ಎಲ್ಲರಿಗೂ ಗೊತ್ತಿರತಕ್ಕದ್ದೇ. ನೆಲದೊಳಗಿನ ನೀರಿಗೆ ವರ್ಷವೆಲ್ಲ ಬಹುಮಟ್ಟಿಗೆ ಒಂದೇ ಉಷ್ಣವಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ತಣ್ಣಗೆ ತೋರುತ್ತದೆ. ಚಳಿಯ ಬೆಳಗಿನಲ್ಲಿ ಗಾಳಿಯೇ ತಣ್ಣಗಿರುವುದರಿಂದ ಬೆಚ್ಚಗೆ ತೋರುತ್ತದೆ. ಬಿಸಿಬುಗ್ಗೆಯನ್ನು ಬಯಸಿದ ನಮ್ಮ ಮನೆಯವರಿಗೆ ಹೊತ್ತು ನೋಡಿ ಬಂದುದರಿಂದ ಹತ್ತಿರದಲ್ಲಿಯೇ ಒಂದು ತಪ್ತಕುಂಡವು ದೊರೆತಂತಾಯಿತು. ಚೆಂಬಿನಲ್ಲಿ ನೀರು ಹಿಡಿದು ಅಕ್ಕನವರ ತಲೆಯ ಮೇಲೆ ಹಾಕಿದೆವು. ಅವರು ಅರ್ಧ ನಿಮಿಷವಲ್ಲ, ಅರ್ಧ ಗಂಟೆ ಅಲ್ಲಿ ಕುಳಿತಿದ್ದರು.

ಇದನ್ನು ಓದುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆಯಿಷ್ಟು. ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರು ಪರ್ವದಿನವನ್ನೂ ಶನಿವಾರ ಭಾನುವಾರಗಳನ್ನೂ ಬಿಟ್ಟು, ವಾರದ ನಡುವೆ, ಬೆಳಕು ಹರಿದ ಕೂಡಲೆ ಹೋಗುವುದು ಒಳ್ಳೆಯದು. ಕತ್ತಲಲ್ಲಿ ಬೆಟ್ಟ ಹತ್ತುವುದು ಸಲ್ಲದು. ಕಾರ್ತಿಕ ಸೋಮವಾರವೇ ಆಗಬೇಕೆಂಬುವರು ಕಡೆಯದನ್ನು ಬಿಟ್ಟು ಮೊದಲಿನವುಗಳಲ್ಲಿ ಒಂದನ್ನು ಆರಿಸಿಕೊಳ್ಳಲಿ. ಒಬ್ಬರಿಂದೊಬ್ಬರು ತಪ್ಪಿಹೋದರೆ ಎಲ್ಲಿ ಸೇರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಮನೆಯವರ ದೂರವಾಣಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಕ್ಕಳ ಜೇಬಿನಲ್ಲಿಡಬೇಕು. ದಾರಿಯಲ್ಲಿ ಜನ ಮೈಗೆ ಮೈ ತಾಗುವಷ್ಟು ಸೇರುತ್ತಿರುವುದನ್ನು ಕಂಡರೆ ಅಲ್ಲಿಂದಲೇ ಹಿಂದಿರುಗಬೇಕು, ಹಿಂದಿರುಗುವುದರಲ್ಲಿ ಅವಮಾನವಿಲ್ಲ. ಸಿಕ್ಕಿಬಿದ್ದರೆ ಎರಡು ಕೈಗಳನ್ನೂ ಎದೆಯ ಮುಂದೆ ಮಡಿಸಿ ಉಸಿರಿಗೆ ಎಡೆಮಾಡಿಕೊಳ್ಳಬೇಕು. ಬಿದ್ದ ಚಪ್ಪಲಿಗೆ ಬಗ್ಗಬಾರದು. ನೂಕಿಗೆ ಎದುರು ನಿಲ್ಲದೆ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು. ತಿಂಡಿಯ ಪೊಟ್ಟಣವನ್ನು ಕೋತಿಗಳಿಗೆ ಕಾಣುವಂತೆ ಹಿಡಿಯಬಾರದು. ಒರತೆಯಲ್ಲಿ ಸಾಬೂನು ಬಳಸಬಾರದು.

ನಿಜವಾದ ಬಿಸಿಬುಗ್ಗೆಗೆ ಹೋಗುವವರು ಇನ್ನೊಂದು ಎಚ್ಚರವನ್ನು ವಹಿಸಬೇಕು. ತಪ್ತಕುಂಡದ ನೀರು ಸುಮಾರು ೪೫ ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ನಮ್ಮ ದೇಹದ ಉಷ್ಣವು ೩೭. ಆದಕಾರಣ ಮೊದಲು ಕಾಲಿನಿಂದ ಪರೀಕ್ಷಿಸಿ, ಕೆಲವೇ ನಿಮಿಷ ಮಿಂದು, ಮೆಲ್ಲಗೆ ಏಳಬೇಕು. ಹೃದ್ರೋಗ, ರಕ್ತದೊತ್ತಡಗಳುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇಳಿಯಬಾರದು.

ಅಂದು ತಂದ ಒಂದು ಚೆಂಬು ನೀರನ್ನು ಅಕ್ಕನವರು, ಕಾಲು ಬಾರದೆ ಮನೆಯಲ್ಲಿಯೇ ಇರುವ ನೆರೆಯ ಅಜ್ಜಿಗೂ ಹಂಚಿ ಉಳಿದುದನ್ನು ದೇವರ ಮುಂದಿಟ್ಟರು. ಈ ವರ್ಷವೂ ಹೋಗಬೇಕೆಂದು ಈಗಾಗಲೇ ಹೇಳಿದ್ದಾರೆ. ಪಂಚಾಂಗವನ್ನು ನಮ್ಮ ಕೈಗೆ ಕೊಟ್ಟು, “ವಿಶೇಷವೇನೂ ಇಲ್ಲದ ದಿನವೊಂದನ್ನು ನೋಡಿ ಹೇಳಪ್ಪ” ಎಂದರು. ಮುಹೂರ್ತವನ್ನು ಹುಡುಕಿಕೊಡೆಂದು ನಮ್ಮನ್ನು ಕೇಳಿದವರು ಬಹಳ ಜನ. ಹೀಗೆ ಕೇಳಿದವರು ಇವರೊಬ್ಬರೇ.