ಬ್ಯಾಟಿನ ಜತೆಗೆ ಚೆಂಡು: ಆನ್‌ಲೈನ್ ಮಾರಾಟದಲ್ಲಿ ಸೆಟ್ಟಿನ ಲೆಕ್ಕ

ಸೆಟ್ಟು ಕಟ್ಟಿ ಮಾರುವ ವಿದ್ಯೆ ನಮ್ಮ ವ್ಯಾಪಾರಿ ಮನೆತನಗಳಿಗೆ ಹೊಸದಲ್ಲ. "ಬಾಣಂತಿ ಸಾಮಾನು ಕಟ್ಟಿರಿ" ಎಂದು ಗಿರಾಕಿ ಕೇಳಿದರೆ ಸಾಕು, ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ, ಗಸಗಸೆ ಎಲ್ಲವೂ ಒಂದೇ ಚೀಲಕ್ಕೆ ಬರುತ್ತವೆ. ಗಿರಾಕಿಗೆ ಏನೂ ಮರೆಯುವ ಚಿಂತೆಯಿಲ್ಲ. ಅಂಗಡಿಕಾರನಿಗೆ ಒಂದರ ಬದಲು ಐದು ಬಾಬಿನ ಮಾರಾಟ. ಕಂಪ್ಯೂಟರು ಮತ್ತು ಮೊಬೈಲಿನ ಮೂಲಕ ಆಟದ ಸಾಮಾನು ಮಾರಲು ಹೊರಟ ನಮ್ಮ ತರುಣರು ಇದೇ ವಿದ್ಯೆಯನ್ನು ಅಲ್ಲಿಯೂ ಬಳಸಬಹುದು. ಆದರೆ ಲೆಕ್ಕವನ್ನು ಮೊದಲು ಮಾಡಿ, ಜಾಹೀರಾತನ್ನು ಆಮೇಲೆ ಮಾಡಬೇಕು.

ಆನ್‌ಲೈನ್ ವ್ಯಾಪಾರದಲ್ಲಿ ಲಾಭವನ್ನು ತಿನ್ನುವುದು ಕೊರಿಯರ್ ಖರ್ಚು. ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆ ಹಿಡಿಯುವ ಜಾಗವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಕಿಲೋ ಹಾಗೂ ನಿಜವಾದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಹಿಡಿಯುತ್ತಾರೆ. 90×15×10ರ ಪೆಟ್ಟಿಗೆಯಲ್ಲಿ ಹಾಕಿದ ಬ್ಯಾಟು ಸುಮಾರು ಒಂದೂಕಾಲು ಕಿಲೋ ತೂಗಿದರೂ ಬಿಲ್ಲು ಬರುವುದು 2.7 ಕಿಲೋಗೆ. ಬ್ಯಾಟಿನ ಹಿಡಿಯ ಪಕ್ಕದಲ್ಲಿ ಖಾಲಿ ಜಾಗ ಇದ್ದೇ ಇರುತ್ತದೆ. ಅಲ್ಲಿ ಮೂರು ಟೆನಿಸ್ ಚೆಂಡು ಮತ್ತು ಒಂದು ರಬ್ಬರ್ ಗ್ರಿಪ್ ಇಟ್ಟರೆ ಕೊರಿಯರ್ ಖರ್ಚು ಒಂದು ಪೈಸೆಯೂ ಹೆಚ್ಚುವುದಿಲ್ಲ.

ಒಂದು ಉದಾಹರಣೆ ಹಿಡಿಯೋಣ. ತೆರಿಗೆ ಮತ್ತು ಕಮಿಷನ್ ಪಕ್ಕಕ್ಕಿರಲಿ. ಬ್ಯಾಟಿನ ಖರೀದಿ 720 ರೂಪಾಯಿ, ಮಾರಾಟ 900. ಕೊರಿಯರ್ 110, ಪ್ಯಾಕಿಂಗ್ 20 ಕಳೆದರೆ ಉಳಿಯುವುದು 50. ಮೂರು ಚೆಂಡುಗಳ ಖರೀದಿ 105, ಮಾರಾಟ 180. ಗ್ರಿಪ್ಪಿನ ಖರೀದಿ 30, ಮಾರಾಟ 60. ಬಿಡಿಯಾಗಿ ಎಲ್ಲದರ ದರ 1140. ಗಿರಾಕಿಗೆ 60 ರೂಪಾಯಿ ಬಿಟ್ಟು 1080ಕ್ಕೆ ಸೆಟ್ಟು ಕೊಟ್ಟರೆ, ಒಟ್ಟು ಖರ್ಚು 985 ಕಳೆದು 95 ಉಳಿಯುತ್ತದೆ. ಗಿರಾಕಿಗೂ ಲಾಭ, ನಮಗೂ ಲಾಭ. ಆದರೆ ರಿಯಾಯಿತಿ 105 ದಾಟಿದರೆ ಬರಿಯ ಬ್ಯಾಟು ಮಾರಿದ್ದಕ್ಕಿಂತ ಕಡಿಮೆ ಉಳಿಯುತ್ತದೆ. ಕಮಿಷನ್ ಇಡೀ ಮೊತ್ತದ ಮೇಲೆ ಬೀಳುವುದರಿಂದ ಈ ಗೆರೆ ಇನ್ನೂ ಈಚೆಗೆ ಸರಿಯುತ್ತದೆ. ಪ್ರತಿ ಸೆಟ್ಟಿಗೂ ಈ ಗೆರೆ ಎಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಎರಡನೆಯ ಮಾತು, ಸೆಟ್ಟಿನೊಳಗಿನ ಸಾಮಾನು ಒಂದಕ್ಕೊಂದು ಹೊಂದಬೇಕು. ಟೆನಿಸ್ ಚೆಂಡಿಗೆಂದು ಮಾಡಿದ ಹಗುರ ಬ್ಯಾಟಿನ ಜತೆ ಗಟ್ಟಿ ಚೆಂಡು ಕಟ್ಟಿದರೆ ಬ್ಯಾಟು ಸೀಳುತ್ತದೆ, ಗಿರಾಕಿ ಕೈತಪ್ಪುತ್ತಾನೆ. ಫುಟ್‌ಬಾಲಿನಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ 3ನೇ ಸೈಜು, ಎಂಟರಿಂದ ಹನ್ನೆರಡರವರಿಗೆ 4, ಅದಕ್ಕೂ ದೊಡ್ಡವರಿಗೆ 5. ಪಂಪು ಮತ್ತು ಸೂಜಿ ಜತೆಗಿದ್ದರೆ ಮಗು ಅಂದೇ ಆಡಬಹುದು. ಬಿಸಿ ಹವೆಯಲ್ಲಿ ಶಟಲ್ ಹೆಚ್ಚು ವೇಗವಾಗಿ ಹೋಗುತ್ತದೆ. ಆದ್ದರಿಂದ ಸೊಲ್ಲಾಪುರದಂತಹ ಬಿಸಿಲು ಸೀಮೆಗೆ ಹಸಿರು ಪಟ್ಟಿಯ ನಿಧಾನದ ನೈಲಾನ್ ಶಟಲ್ ಒಳ್ಳೆಯದು. ಹೋಗದ ಮಾಲನ್ನು ಸಾಗಿಸಲು ಸೆಟ್ಟು ಕಟ್ಟುವವರಿದ್ದಾರೆ. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವ ಗಿರಾಕಿ ಅದನ್ನು ಅಲ್ಲಿಯೇ ಬೇಡವೆನ್ನುತ್ತಾನೆ. ಆನ್‌ಲೈನ್ ಗಿರಾಕಿ ಪೆಟ್ಟಿಗೆಯನ್ನೇ ಹಿಂದಿರುಗಿಸುತ್ತಾನೆ. ಹೋಗಿಬರುವ ಖರ್ಚಿನಲ್ಲಿ ಬೇರೆ ಸೆಟ್ಟುಗಳ ಲಾಭವೂ ಕರಗೀತು.

ನಮ್ಮ ಸಮಾಜದ ಗಿರಾಕಿಗಳಿಗೆ ಇನ್ನೊಂದು ಅನುಕೂಲ ಮಾಡಿಕೊಡಬಹುದು. ಕ್ರಿಕೆಟ್ಟಿನ ಗಟ್ಟಿ ಚೆಂಡಿಗೆ ಚರ್ಮದ ಹೊದಿಕೆ, ಪಂದ್ಯದ ಶಟಲ್‌ಗೆ ಬಾತುಕೋಳಿಯ 16 ಗರಿ, ಕೆಲವು ರ‍್ಯಾಕೆಟ್ಟಿಗೆ ಪ್ರಾಣಿಯ ಕರುಳಿನ ತಂತಿ ಎಂಬುದು ಕೊಳ್ಳುವ ತಾಯಂದಿರಿಗೆ ಎಷ್ಟೋ ಸಲ ತಿಳಿದಿರುವುದಿಲ್ಲ. ಟೆನಿಸ್ ಚೆಂಡು, ನೈಲಾನ್ ಶಟಲ್, ಸಿಂಥೆಟಿಕ್ ತಂತಿ, ಬಟ್ಟೆಯ ಕೈಗವಸು ಸೇರಿಸಿ "ಚರ್ಮ, ಗರಿ, ಕರುಳು ಇಲ್ಲದ ಸೆಟ್ಟು" ಎಂದು ಬರೆದು ಮಾರಬಹುದು. ಆದರೆ ಹಾಗೆ ಬರೆಯುವ ಮುನ್ನ ಪ್ರತಿಯೊಂದು ನಗವನ್ನೂ ತಯಾರಕರಲ್ಲಿ ವಿಚಾರಿಸಿ ಖಾತ್ರಿ ಮಾಡಿಕೊಳ್ಳಬೇಕು.

ಇನ್ನು ಕಾಯ್ದೆಯ ವಿಷಯ. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 8ನೇ ಕಲಮಿನ ಪ್ರಕಾರ, ಸಹಜವಾಗಿ ಜೋಡಿಯಲ್ಲದ ಸಾಮಾನುಗಳನ್ನು ಕೂಡಿಸಿ ಒಂದೇ ದರಕ್ಕೆ ಮಾರಿದರೆ, ಅವುಗಳಲ್ಲಿ ಯಾವುದಕ್ಕೆ ಹೆಚ್ಚಿನ ತೆರಿಗೆಯೋ ಅದೇ ದರ ಇಡೀ ಸೆಟ್ಟಿಗೆ ಬೀಳುತ್ತದೆ. ಬ್ಯಾಟು, ಚೆಂಡಿನಂತಹ ಆಟದ ಸಾಮಾನಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಜತೆಗೆ ಹೆಚ್ಚು ತೆರಿಗೆಯ ನೈಲಾನ್ ಚೀಲವನ್ನು ಕಟ್ಟುವ ಮುನ್ನ ಆಡಿಟರನ್ನು ಕೇಳುವುದು ಲೇಸು. ಬಿಲ್ಲಿನಲ್ಲಿ ಪ್ರತಿ ಸಾಮಾನಿನ ದರವನ್ನು ಬೇರೆ ಬೇರೆ ತೋರಿಸುವ ದಾರಿಯೂ ಇದೆ. ಬಿಡಿ ದರ ಕಂಡರೆ ಗಿರಾಕಿಗೂ ನಂಬಿಕೆ ಹೆಚ್ಚುತ್ತದೆ.

ಗಡಿಯಲ್ಲಿರುವ ನಾವು ಮತ್ತೊಂದನ್ನು ಮರೆಯಬಾರದು. ಅಕ್ಕಲಕೋಟೆಯಿಂದ ಇಂಡಿಗೆ, ಜತ್ತದಿಂದ ಅಥಣಿಗೆ ದಾರಿ ಹತ್ತಿರವಾದರೂ ಕಾಯ್ದೆಯ ಲೆಕ್ಕದಲ್ಲಿ ಅದು ಅಂತರರಾಜ್ಯ ಮಾರಾಟ. ಕಂಪೋಜಿಷನ್ ಯೋಜನೆಯಲ್ಲಿರುವವರು ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಅದಕ್ಕೆ ರೆಗ್ಯುಲರ್ ನೋಂದಣಿ ಬೇಕು.

ತರುಣರಿಗೆ ನನ್ನ ಸಲಹೆ ಇಷ್ಟೇ. ಮೊದಲು ಮೂರೇ ಸೆಟ್ಟು ಕಟ್ಟಿರಿ: ಒಂದು ಕ್ರಿಕೆಟ್, ಒಂದು ಬ್ಯಾಡ್ಮಿಂಟನ್, ಒಂದು ಫುಟ್‌ಬಾಲ್. ಒಳಗೆ ಏನೇನಿದೆ, ಯಾವ ವಯಸ್ಸಿಗೆ, ಒಂದು ನಗ ಕೆಟ್ಟು ಬಂದರೆ ಏನು ಮಾಡುವಿರಿ ಎಂಬುದನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿರಿ. ಅದೇ ಸಾಮಾನು ಬಿಡಿಯಾಗಿಯೂ ಸಿಗುವಂತೆ ಇಡಿರಿ. ಮೂರು ತಿಂಗಳು ಪ್ರತಿ ಸೆಟ್ಟಿಗೂ ಬೇರೆ ಖಾತೆ ಬರೆದು, ಉಳಿಕೆ ತೋರಿಸಿದ್ದನ್ನು ಮುಂದುವರಿಸಿ, ತೋರಿಸದ್ದನ್ನು ನಿಲ್ಲಿಸಿರಿ.