ಶಿಶುವಿಹಾರಕ್ಕೆ ಬಂದ ಶರತ್ಕಾಲ

ಮಹಾನವಮಿಯ ರಜೆ ಮುಗಿದು ಶಿಶುವಿಹಾರಗಳ ಬಾಗಿಲು ಮತ್ತೆ ತೆರೆದಿದ್ದ ದಿನಗಳವು. ನಮ್ಮ ಪರಿಚಯದ ಮನೆಯೊಂದರ ಐದು ವರ್ಷದ ಬಾಲಕಿ ಪುಸ್ತಕದಲ್ಲಿದ್ದ ಮೇಪಲ್ ಎಲೆಯ ಚಿತ್ರಕ್ಕೆ ಕೆಂಪು ಬಣ್ಣ ತುಂಬಿ ತಂದು, "ಈಗ ಆಟಮ್ ಬಂದಿದೆ, ಮರದ ಎಲೆಗಳೆಲ್ಲ ಉದುರುತ್ತವೆ" ಎಂದು ಒಪ್ಪಿಸಿದಳು. ಅಂಗಳದ ಹೊಂಗೆಯ ಮರವಾದರೋ ಮುಂಗಾರಿನ ನೀರುಂಡು ದಟ್ಟ ಹಸುರಾಗಿ ನಿಂತಿತ್ತು. ಅಜ್ಜ ಅದನ್ನು ತೋರಿಸಿದಾಗ ಮಗು ಮರವನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ, "ಈ ಮರಕ್ಕೆ ಗೊತ್ತಿಲ್ಲ" ಎಂದಿತು. ನಾವೆಲ್ಲರೂ ನಕ್ಕೆವು. ಆದರೆ ಅದು ನಕ್ಕು ಮರೆಯಬಹುದಾದ ಮಾತಾಗಿರಲಿಲ್ಲ. ತನ್ನ ಕಣ್ಣಿಗಿಂತ ಪುಸ್ತಕವನ್ನೇ ಹೆಚ್ಚು ನಂಬಲು ಆ ಮಗು ಕಲಿತುಬಿಟ್ಟಿತ್ತು.

ಪುಸ್ತಕದ ಮಾತು ಸುಳ್ಳೆಂದು ನಾವು ಹೇಳುತ್ತಿಲ್ಲ. ಅದು ತನ್ನ ನೆಲದಲ್ಲಿ ನಿಜ. ಜರ್ಮನಿಯಂತಹ ಶೀತ ದೇಶಗಳಲ್ಲಿ ಸೆಪ್ಟೆಂಬರ್ ಕಳೆಯುತ್ತಲೇ ಹಗಲು ಕಿರಿದಾಗಿ, ಎಲೆಗಳಲ್ಲಿಯ ಹಸುರು ವರ್ಣದ್ರವ್ಯವಾದ ಪತ್ರಹರಿತ್ತು ಕರಗುತ್ತದೆ. ಅದುವರೆಗೆ ಮರೆಯಾಗಿದ್ದ ಹಳದಿ ಮೇಲೆದ್ದು ಕಾಣುತ್ತದೆ. ಮೇಪಲ್‌ನಂತಹ ಮರಗಳಲ್ಲಿ ಕೆಂಪು ಹೊಸದಾಗಿ ಹುಟ್ಟುತ್ತದೆ. ಅಲ್ಲಿಯ ಮಕ್ಕಳು ಉದುರಿದ ಎಲೆ, ಓಕ್ ಮರದ ಕಾಯಿಗಳನ್ನು ಆಯ್ದು ತಂದು, ಗಾತ್ರಕ್ಕನುಗುಣವಾಗಿ ಜೋಡಿಸಿ, ಎಣಿಸುತ್ತಾರೆ. ನವೆಂಬರ್ 11ರ ಸಂತ ಮಾರ್ಟಿನ್ನನ ಹಬ್ಬದ ಹೊತ್ತಿಗೆ ತಾವೇ ಮಾಡಿದ ಕಾಗದದ ಕಂದೀಲು ಹಿಡಿದು ಬೀದಿಯಲ್ಲಿ ಸಾಗುತ್ತಾರೆ. ನಮ್ಮಲ್ಲಿ ಜೂನ್ ತಿಂಗಳಿಗೆ ಆರಂಭವಾಗುವ ಶಾಲಾವರ್ಷ ಅಲ್ಲಿ ಆರಂಭವಾಗುವುದು ಶರತ್ಕಾಲದ ಆಸುಪಾಸಿನಲ್ಲಿ. ಆದ್ದರಿಂದ ತಾಯಿಯ ಕೈಬಿಟ್ಟು ಕುಳಿತುಕೊಳ್ಳುವುದೇ ಅಲ್ಲಿಯ ಅನೇಕ ಮಕ್ಕಳಿಗೆ ಈ ಋತುವಿನ ಮೊದಲ ಪಾಠವಾಗಿರುತ್ತದೆ.

ಶಿಶುವಿಹಾರದ ಕಲ್ಪನೆ ಮೊಳೆತದ್ದೂ ಆ ನಾಡಿನಲ್ಲಿಯೇ. ಬಾಲ್ಯದಲ್ಲಿ ಅರಣ್ಯ ಅಧಿಕಾರಿಯೊಬ್ಬನಲ್ಲಿ ಕೆಲಸ ಕಲಿತಿದ್ದ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟನು. ಮಕ್ಕಳ ತೋಟ ಎಂಬುದು ಆ ಪದದ ಅರ್ಥ. ಅದು ಬರಿಯ ಉಪಮೆಯೂ ಅಲ್ಲ. ಮಕ್ಕಳು ತಮ್ಮ ಕೈಯಿಂದಲೇ ಬಿತ್ತಿ ಬೆಳೆಯಲು ಅಲ್ಲಿ ಪುಟ್ಟ ಪುಟ್ಟ ಮಡಿಗಳಿರಬೇಕೆಂಬುದು ಅವನ ಆಶಯವಾಗಿತ್ತು. ನಮ್ಮ ದೇಶದಲ್ಲಿಯೂ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು, ಮಗುವಿನ ಸ್ವಂತ ಅನುಭವದಿಂದಲೇ ಕಲಿಕೆ ಆರಂಭವಾಗಬೇಕೆಂದು ಸಾರಿದರು. ನಾವು ಕಿಂಡರ್‌ಗಾರ್ಟನ್ನಿನ ಹೆಸರನ್ನು ತಂದೆವು, ಮೇಪಲ್ ಎಲೆಯನ್ನೂ ತಂದೆವು. ತೋಟವನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆವು.

ನಮ್ಮ ಶರದೃತುವಿನಲ್ಲಿ ಪಾಠಗಳಿಗೆ ಬಡತನವಿಲ್ಲ. ಆಶ್ವಯುಜ, ಕಾರ್ತಿಕಗಳೆಂದರೆ ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತಿ ಮೊಳೆಯುವ ಕಾಲ. ನವರಾತ್ರಿಯಲ್ಲಿ ಅನೇಕ ಮನೆಗಳಲ್ಲಿ ಘಟ್ಟ ಹಾಕುತ್ತಾರೆ. ಪಾಡ್ಯದಂದು ಮಣ್ಣಿಗೆ ಬಿದ್ದ ಕಾಳು ದಶಮಿಯ ಹೊತ್ತಿಗೆ ಸಸಿಯಾಗಿರುತ್ತದೆ. ಇದನ್ನೇ ತರಗತಿಯಲ್ಲಿ ಮಾಡಿಸಬಹುದು. ಎರಡು ಬಟ್ಟಲುಗಳಲ್ಲಿ ಹತ್ತು ಹತ್ತು ಕಾಳು ಬಿತ್ತಿ, ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇರಿಸಬೇಕು. ಕತ್ತಲೆಯ ಸಸಿ ಬಿಳಿಚಿ, ಹಳದಿಯಾಗಿ, ಬಳುಕಿ ಬೆಳೆಯುತ್ತದೆ. ಬೆಳಕಿಗೆ ತಂದರೆ ಕ್ರಮೇಣ ಹಸುರಾಗುತ್ತದೆ. ಮೊಳೆತವೆಷ್ಟು, ಮೊಳೆಯದವೆಷ್ಟು ಎಂದು ಎಣಿಸುವಲ್ಲಿ ಲೆಕ್ಕವಿದೆ. ದಿನವೂ ನೀರೆರೆದು ಕಾಯುವಲ್ಲಿ ತಾಳ್ಮೆಯಿದೆ.

ವಿಜಯದಶಮಿಯ ಬನ್ನಿಯನ್ನು ಅರಳಿಯ ಎಲೆಯ ಪಕ್ಕದಲ್ಲಿಟ್ಟರೆ, ಒಂದು ತೊಟ್ಟಿನಲ್ಲಿ ಸಾಲು ಸಾಲಾದ ಕಿರುಎಲೆಗಳು, ಇನ್ನೊಂದರಲ್ಲಿ ಒಂದೇ ಅಗಲವಾದ ಎಲೆ ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಅದೇ ಬನ್ನಿಯನ್ನು ನೆರೆಮನೆಯವರಿಗೆ ಕೊಟ್ಟು, ಬಂಗಾರದಂತೆ ಇರೋಣ ಎನ್ನುವಾಗ ಹಿರಿಯರಿಗೆ ನಮಿಸುವುದನ್ನು, ಮುನಿಸಿಕೊಂಡ ಗೆಳೆಯನೊಡನೆ ಮತ್ತೆ ಕೂಡುವುದನ್ನು ಕಲಿಯುತ್ತದೆ. ಸೀಗಿ ಹುಣ್ಣಿಮೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಮಗುವಿಗೆ, ರೊಟ್ಟಿ ಅಂಗಡಿಯಲ್ಲಿ ಹುಟ್ಟುವುದಿಲ್ಲ ಎಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಇಷ್ಟನ್ನೂ ಶಿಕ್ಷಕಿಯೊಬ್ಬಳೇ ಮಾಡಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ತಾಯಂದಿರು, ಅಜ್ಜ ಅಜ್ಜಿಯರು ಸಂಜೆ ಒಂದು ಗಳಿಗೆ ಮಗುವಿನ ಕೈಹಿಡಿದು ಅಂಗಳಕ್ಕೋ ಹೊಲಕ್ಕೋ ನಡೆದರೆ ಅರ್ಧ ಕೆಲಸವಾದಂತೆ. "ಇಂದು ಏನು ಬರೆದೆ?" ಎಂದು ಕೇಳುವಂತೆಯೇ "ಇಂದು ಏನು ನೋಡಿದೆ?" ಎಂದೂ ಕೇಳೋಣ.

ಆ ಬಾಲಕಿಗೆ ಅಜ್ಜ ಒಂದು ಮಾತು ಕೊಟ್ಟಿದ್ದಾರೆ. ಮಾಘ ಕಳೆದು ಬಿಸಿಲೇರಿದಾಗ ಅಂಗಳದ ಹೊಂಗೆಯೂ ಎಲೆ ಉದುರಿಸುತ್ತದೆ. ಅಂದು ಇಬ್ಬರೂ ಕೂಡಿ ಆ ಎಲೆಗಳನ್ನು ಆಯ್ದು, ಅದೇ ಪುಸ್ತಕದಲ್ಲಿ ಕೆಂಪು ಎಲೆಯ ಎದುರಿನ ಪುಟಕ್ಕೆ ಅಂಟಿಸಲಿದ್ದಾರೆ.